ಮುಹೂರ್ತದ ದಿನದ ಗುಣಕ

ಜನವರಿ ೧೮, ಭಾನುವಾರ

ಇವತ್ತು ಬೆಳಿಗ್ಗೆ ನನಗೊಂದು ಸಂಖ್ಯೆ ಹುಟ್ಟಿತು. ಎರಡು ಬಿಂದು ಆರು. ನೋಡಲು ಲಕ್ಷಣವಾಗಿದೆ. ತಂದೆ, ಅಂದರೆ ನಾನು, ಡಾಕ್ಟರ್ ಹೃಷಿಕೇಶ, ಕುಂದಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ, ಆರೋಗ್ಯವಾಗಿದ್ದಾನೆ. ಇಷ್ಟು ವರ್ಷ ಬೇರೆಯವರ ಪುಸ್ತಕದ ಸಂಖ್ಯೆಗಳನ್ನೇ ಹಲಗೆಯ ಮೇಲೆ ಬರೆದು ಒರೆಸಿದವನಿಗೆ ಸ್ವಂತದ್ದೊಂದು ಸಿಕ್ಕಿದೆ. ಹಾಗಾಗಿ ಸ್ವಲ್ಪ ಹೆಚ್ಚೇ ಹಿಗ್ಗುತ್ತಿದ್ದೇನೆ.

ಕಿರಿಮಂಜೇಶ್ವರದ ಕಡಲ ದಂಡೆಯಲ್ಲಿ ರತ್ನಾಕರ ಎಂಬವರು 'ಕಡಲ ಮಂಟಪ' ಅಂತ ಮದುವೆ ರೆಸಾರ್ಟು ಕಟ್ಟಿದ್ದಾರೆ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅದಕ್ಕೆ ಎರಡನೆಯ ಸಭಾಂಗಣ ಬೇಕಂತೆ. ಅನುಮತಿ ಕೇಳುವಾಗ ಜೊತೆಗಿಡಲು ಒಂದು ವರದಿ ಬೇಕು: ಅಲ್ಲಿ ಒಂದು ರೂಪಾಯಿ ಖರ್ಚಾದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಒಟ್ಟು ಎಷ್ಟು ರೂಪಾಯಿಯ ವ್ಯವಹಾರ ಹುಟ್ಟುತ್ತದೆ? ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಗುಣಕ ಅನ್ನುತ್ತೇವೆ. ಯಾವ ಕಸುಬು ಯಾವ ಕಸುಬಿನಿಂದ ಏನೇನು ಕೊಳ್ಳುತ್ತದೆ ಅಂತ ದೊಡ್ಡ ಕೋಷ್ಟಕ ಮಾಡಿ, ಕಂಪ್ಯೂಟರಿನಲ್ಲಿ ತಿರುಗಿಸಿದರೆ ಅದು ಉದುರುತ್ತದೆ.

ಶ್ರೀವಿದ್ಯಾಗೆ ಹೇಳಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿಯ ಮುಂದೆ ಸಂಖ್ಯೆ ಮೆರೆಸಬಾರದು ಅಂತ ನನಗೆ ಇಷ್ಟರಲ್ಲಿ ಗೊತ್ತಿರಬೇಕಿತ್ತು.

"ಒಂದ್ ರುಪಾಯಿ ಹಾಕಿರೆ ಎರಡೂವರಿ ಮೇಲೆ ಆತ್ತಾ? ಹಾಂಗಾರೆ ನೀವ್ ಎಂತಕೆ ಇನ್ನೂ ಬಸ್ಸಿಗೆ ಹೋಪ್ದ್?" ಅಂದಳು.

ರೆಸಾರ್ಟು ಅಡುಗೆಯವರಿಗೆ ಕೊಡುತ್ತದೆ, ಅಡುಗೆಯವರು ತರಕಾರಿಯವನಿಗೆ ಕೊಡುತ್ತಾರೆ, ತರಕಾರಿಯವನು ರಿಕ್ಷಾದವನಿಗೆ, ಹೀಗೆ ಹೋಗುತ್ತದೆ ಅಂತ ಬಿಡಿಸಿ ಹೇಳಿದೆ.

"ತರಕಾರಿಯವನತ್ರ ತರಕಾರಿ ಮುಗ್ದಿದ್ರೆ?"

"ಎಲ್ಲ ಬೇಕಾದಷ್ಟು ಸಿಕ್ಕತ್ತ್ ಅಂದ್ಕಂಡೇ ಲೆಕ್ಕ ಹಾಕುದ್. ಮಾದರಿ ಇಪ್ಪುದೇ ಹಾಂಗೆ."

"ಪಾಪ, ಒಳ್ಳೆ ಮಾದರಿ. ನಮ್ಮನಿಯಗೆ ಇದ್ದಾಂಗಿಲ್ಲೆ," ಅಂತ ಬಟ್ಟೆ ಒಣಗಿಸಲು ಹೋದಳು. ಮಾತಾಡುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿತ್ತು. ಇನ್ನೊಂದು ಲೋಟ ಕೇಳಿದೆ. ಬಂತು.

ಜನವರಿ ೨೫, ಭಾನುವಾರ

ವರದಿಗೆಂದು ಮೂರೂ ತಾಲೂಕಿನ ಅಡುಗೆ ತಂಡಗಳನ್ನು ಪಟ್ಟಿ ಮಾಡಿದ್ದೇನೆ. ವರ್ಷದ ಮೂರರಲ್ಲಿ ಎರಡು ಪಾಲು ದಿನ ಇವರಿಗೆ ಕೆಲಸವೇ ಇಲ್ಲ! ಎಂಥ ಸಂಪತ್ತು ಸುಮ್ಮನೆ ಕೂತಿದೆ. ಪ್ರತಿಯೊಂದು ತಂಡದ ಎದುರೂ 'ಲಭ್ಯ' ಅಂತ ಹಾಕಿದೆ. ಹಾಕುವಾಗ ದಾನಶೂರನಂತೆ ಅನ್ನಿಸಿತು.

ಪಟ್ಟಿಯಲ್ಲಿ ಮೊದಲನೆಯದು ದಾಮೋದರ ಭಾವನ ತಂಡ. ಶ್ರೀವಿದ್ಯಾಳ ಅಣ್ಣ, ಸಾಲಿಗ್ರಾಮದಲ್ಲಿ ನಮ್ಮ ಬೇಲಿಯಾಚೆಯ ಮನೆ. ಕೋಟದಿಂದ ಬಾರ್ಕೂರಿನವರೆಗೆ ಅವರ ಹುಳಿ ಉಣ್ಣದೆ ಮದುವೆಯಾದವರು ಕಡಿಮೆ, ಅದನ್ನು ಅವರು ಮರೆಯಲೂ ಬಿಡುವುದಿಲ್ಲ. ರತ್ನಾಕರರು ಈ ಏಪ್ರಿಲ್, ಮೇ ತಿಂಗಳ ಎಲ್ಲ ಮದುವೆಗಳಿಗೆ ಒಂದೇ ತಂಡವನ್ನು ಗೊತ್ತು ಮಾಡಬೇಕು ಅಂದಾಗ ನಾನೇ ಭಾವನ ಹೆಸರು ಹೇಳಿದ್ದು. ಇವತ್ತು ಒಪ್ಪಂದದ ಕಾಗದ ಹಿಡಿದು ಹೋದೆ.

"ಲಭ್ಯ ಅಂದ್ರೆ ಎಂತ ಭಾವಯ್ಯ? ಪಂಚಕಜ್ಜಾಯದಂಗಾ, ಕೈ ಚಾಚಿದವ್ರಿಗೆಲ್ಲ ಸಿಕ್ಕುದಾ?" ಅಂತ ನಕ್ಕರು.

ಅರ್ಧ ಗಂಟೆ ಪಾಠ ಮಾಡಿದೆ. ನಿಶ್ಚಿತ ಕೆಲಸ, ನಿಶ್ಚಿತ ಸೀಸನ್ನು, ತಂಡದ ಹುಡುಗರು ಬೇರೆ ಕಡೆ ಓಡುವುದಿಲ್ಲ. ಆದರೆ ಅವರನ್ನು ಗೆದ್ದದ್ದು ನನ್ನ ಪಾಠವಲ್ಲ, ರೆಸಾರ್ಟಿನವರು ಕೊಟ್ಟುಕಳಿಸಿದ ಉದ್ದನೆಯ ಬಿಳಿ ಟೋಪಿ. ಅದನ್ನು ಇಟ್ಟುಕೊಂಡು ಕನ್ನಡಿ ನೋಡಿ, ಮತ್ತೆ ಓರೆ ಮಾಡಿ ನೋಡಿದರು. ಅವರ ಹೆಂಡತಿ ಗೋದಾವರಿ ಅತ್ತಿಗೆ ಬಾಗಿಲಲ್ಲಿ ನಿಂತು, "ದೇವಸ್ಥಾನದ ಕಲಶ ಇಳ್ಸಿ ತಲಿ ಮೇಲೆ ಇಟ್ಕಂಡಾಂಗ್ ಇತ್ತ್," ಅಂದರು. ಭಾವ ಸಹಿ ಹಾಕಿದರು.

ಪಂಚಾಂಗ ಅವರ ಮನೆಯ ಮೊಳೆಗೆ ನೇತಾಡುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಫೆಬ್ರವರಿ ೧೧, ಬುಧವಾರ

ಮಗಳು ತನ್ವಿಗೆ ಸಂಬಂಧ ಕೂಡಿತು! ಹುಡುಗ ಶ್ರೀಶ, ಕೋಟದವನೇ, ಹಡಗಿನಲ್ಲಿ ಇಂಜಿನಿಯರು. ಅವನೇ ಕಾಲುನೋವು ಅಂತ ಕುಂದಾಪುರದ ಆಸ್ಪತ್ರೆಗೆ ಬಂದು, ಫಿಸಿಯೋಥೆರಪಿ ಮಾಡುವ ನನ್ನ ಮಗಳ ಕೈಗೆ ಸಿಕ್ಕಿಬಿದ್ದವನು. ನೋವು ವಾಸಿಯಾದ ಮೇಲೂ ಬರುತ್ತಿದ್ದನಂತೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ನಾನು ಕೋಷ್ಟಕ ತಿರುಗಿಸುತ್ತಿದ್ದೆ.

ಮೇ ತಿಂಗಳಲ್ಲಿ ಅವನು ಹಡಗು ಹತ್ತಬೇಕು. ಹತ್ತಿದರೆ ವರ್ಷ ಕಳೆಯುತ್ತದೆ. ಮೇ ನಡುವಿನಿಂದ ಅಧಿಕ ಮಾಸ, ಆಗ ಮದುವೆ ಕೂಡದು. ಪುರೋಹಿತರು ಇಬ್ಬರ ಜಾತಕ ಮುಂದಿಟ್ಟುಕೊಂಡು ಬೆರಳು ಮಡಚಿ ಮಡಚಿ ಕೊನೆಗೆ ಒಂದೇ ದಿನ ಉಳಿಸಿದರು. ಏಪ್ರಿಲ್ ಇಪ್ಪತ್ತಾರು, ಭಾನುವಾರ, ಮಧ್ಯಾಹ್ನದ ಅಭಿಜಿನ್ ಮುಹೂರ್ತ.

ತನ್ವಿ ಬೇಲಿಯ ಹತ್ತಿರ ನಿಂತು, "ದಾಮು ಮಾವ, ನನ್ ಮದಿಗೆ ಹಯಗ್ರೀವ ಮಾಡ್ಕ್, ಮಾತ್ ಕೊಟ್ಟಿದ್ರಿ," ಅಂತ ಕೂಗಿದಳು. ಭಾವ ಮಾಡುವ ಕಡಲೆಬೇಳೆಯ ಆ ಸಿಹಿ ಅವಳಿಗೆ ಪ್ರಾಣ. ಆಚೆಯಿಂದ ಉತ್ತರ ಬರಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡೆವು.

ಫೆಬ್ರವರಿ ೧೨, ಗುರುವಾರ

ಸ್ನಾನಕ್ಕೆ ಹೋಗಿರಲಿಲ್ಲ. ಏಪ್ರಿಲ್ ಇಪ್ಪತ್ತಾರಕ್ಕೆ ಕಡಲ ಮಂಟಪದಲ್ಲೂ ಮದುವೆ. ಮುಂಬೈಯ ದೊಡ್ಡ ಕುಟುಂಬ, ಅದೇ ಅಭಿಜಿನ್. ಅಡುಗೆ ದಾಮೋದರ ಭಾವನದು, ಒಪ್ಪಿಸಿದವನು ನಾನು.

ಫೆಬ್ರವರಿ ೧೫, ಭಾನುವಾರ

ಭಾವನ ಮನೆಗೆ ಹೋದೆವು. ನಾನು ಮುಂದೆ, ಶ್ರೀವಿದ್ಯಾ ಹಿಂದೆ. ಒಳಗೆ ಕಾಲಿಟ್ಟ ಕೂಡಲೇ ಅವಳು ಮುಂದೆ, ನಾನು ಹಿಂದೆ.

"ಅಣ್ಣ, ಅಡುಗಿ ಹಾಳಾಯ್ಲಿ. ಹೆಣ್ಣಿನ್ ಮಂಟಪಕ್ಕೆ ಕರ್ಕಂಡ್ ಬಪ್ಪುದ್ ಯಾರ್?"

ಅಡುಗೆಯ ಚಿಂತೆಯಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ವಧುವಿನ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವ. ತನ್ವಿಗೆ ಇರುವುದು ಒಬ್ಬರೇ ಮಾವ. ಅಡುಗೆಯವರು ಬೇರೆ ಸಿಕ್ಕಿಯಾರು, ಮಾವ ಎಲ್ಲಿಂದ ಸಿಗಬೇಕು?

ಭಾವ ಟೋಪಿಯನ್ನು ಕಪಾಟಿನ ಮೇಲಿನಿಂದ ಇಳಿಸಿ ಒಮ್ಮೆ ನೋಡಿ ಮತ್ತೆ ಮೇಲಿಟ್ಟರು.

"ಒಪ್ಕಂಡ್ ಊಟು ಬಿಟ್ಟ್ ನಾನ್ ಇಷ್ಟ್ ವರ್ಷದಗೆ ಎದ್ದ್ ಬಂದವ ಅಲ್ಲ ಮಗಾ. ಅದೂ ಒಂದ್ ಹೆಣ್ಣಿನ ಮದಿಯೇ. ಸಾವಿರ ಜನ ಎಲಿ ಮುಂದ್ ಕೂತ್ಕಂಡ್ ಕಾಯುದಾ? ಇನ್ನೊಬ್ರನ್ನ ಹಾಕಿ ಅಂದ್ರೆ ಯಾರಿದ್ರ್? ಆ ದಿನ ಎಲ್ಲ ಅಡುಗಿಯವ್ರಿಗೂ ಒಂದೊಂದ್ ಮದಿ ಊಟು ಇತ್ತ್."

"ನನ್ನ ಪಟ್ಟಿಯಲ್ಲಿ ಎಲ್ಲರೂ ಖಾಲಿ ಇದ್ದಾರೆ ಭಾವ," ಅಂತ ಬಾಯಿ ಬಿಟ್ಟೆ.

ಶ್ರೀವಿದ್ಯಾ ನನ್ನ ಕಡೆ ತಿರುಗಿದ ರೀತಿಗೆ ಹೆದರಿ ನಾನು ಅಲ್ಲಿದ್ದ ಅಡಿಕೆ ತಟ್ಟೆಯನ್ನು ನೋಡತೊಡಗಿದೆ. ಮನೆಗೆ ಬಂದ ಮೇಲೆ ತನ್ವಿ ನಮ್ಮ ಮುಖ ನೋಡಿದಳು. ಬಾಗಿಲು ಹಾಕಿಕೊಂಡಳು. ನನಗೆ ಬಹಳ ಬೇಸರವಾಯಿತು.

ಫೆಬ್ರವರಿ ೨೨, ಭಾನುವಾರ

ವಾರವಿಡೀ ನನ್ನ ಪಟ್ಟಿ ಹಿಡಿದು ಫೋನು ಮಾಡಿದೆ. ಎಲ್ಲರೂ 'ಲಭ್ಯ' ತಾನೇ!

ಕೋಟೇಶ್ವರದವರು: "ಇಪ್ಪತ್ತಾರಾ? ಹ್ವಾಯ್, ಆ ದಿನ ನಂಗ್ ಮೂರ್ ಕಡಿ ಇತ್ತ್, ನೀವೇ ಬಂದ್ ಒಂದ್ ಕಡಿ ಸೌಟ್ ಹಿಡಿತ್ರ್ಯಾ?" ಬೈಂದೂರಿನವರು ನಕ್ಕು ಫೋನಿಟ್ಟರು. ಬ್ರಹ್ಮಾವರದವರು ಮಾತ್ರ ಮರ್ಯಾದೆಯಿಂದ, "ಆಷಾಢದಗೆ ಮದಿ ಇಟ್ಕಣಿ ಸಾರ್, ನಾನ್ ಒಬ್ನೇ ಅಲ್ಲ, ನನ್ ಹೆಂಡ್ತಿ ಮಕ್ಳ್ ಎಲ್ಲ ಬತ್ತೊ," ಅಂದರು.

ಸಭಾಂಗಣಗಳೂ ಇಲ್ಲ. ಮಲ್ಲಿಗೆ ಹೂವಿನವಳು ಆ ದಿನದ ಹೂವು ಗಿಡದಲ್ಲಿ ಮೊಗ್ಗಾಗುವ ಮೊದಲೇ ಮಾತಾಗಿದೆ ಅಂದಳು. ಅದರಲ್ಲಿ ಹೆಚ್ಚಿನದು ಎಲ್ಲಿಗೆ ಅಂತ ಕೇಳಿದೆ. ಕಿರಿಮಂಜೇಶ್ವರಕ್ಕಂತೆ. ಮಂಟಪದ ಕಂಬಗಳಿಗೆ ಸುತ್ತಲಿಕ್ಕೆ.

ಈಗ ಗೊತ್ತಾಯಿತು ನಾನು ಮಾಡಿದ ಘನಕಾರ್ಯ. ವರ್ಷದ ಕೆಲಸವನ್ನು ವರ್ಷದ ದಿನಗಳಿಂದ ಭಾಗಿಸಿ ಸರಾಸರಿ ತೆಗೆದೆ. ಸರಾಸರಿ ದಿನದಲ್ಲಿ ಅಡುಗೆಯವರು ಖಾಲಿ, ಸಭಾಂಗಣ ಖಾಲಿ, ವಾಲಗದವರು ಖಾಲಿ. ಆದರೆ ಸರಾಸರಿ ದಿನದಲ್ಲಿ ಯಾರು ಮದುವೆಯಾಗುತ್ತಾರೆ? ಎಲ್ಲರೂ ಬರುವುದು ಆ ನಾಲ್ಕಾರು ಮುಹೂರ್ತಕ್ಕೆ. ಆಷಾಢದ ಬಿಡುವನ್ನು ವೈಶಾಖಕ್ಕೆ ಕಡ ತರಲಿಕ್ಕಾಗುವುದಿಲ್ಲ. ಸಾಲಿಗ್ರಾಮದಲ್ಲಿ ಹುಟ್ಟಿ, ದೇವಸ್ಥಾನದ ಗಂಟೆ ಕೇಳುತ್ತ ಬೆಳೆದು, ವರ್ಷಕ್ಕೆ ಇಪ್ಪತ್ತು ಮದುವೆ ಉಂಡು ಹೊಟ್ಟೆ ಬೆಳೆಸಿದವನಿಗೆ ಇದು ಗೊತ್ತಿರಲಿಲ್ಲ! ನಾರ್ವೆಯ ಪ್ರೊಫೆಸರ್ ಯಾರಾದರೂ ಈ ತಪ್ಪು ಮಾಡಿದರೆ ಕ್ಷಮಿಸಬಹುದು.

ಕಾಫಿ ಮಾಡಿಕೊಂಡೆ. ಶ್ರೀವಿದ್ಯಾ ಮಲಗಿದ್ದಳು, ತಲೆನೋವಂತೆ. ಅವಳಿಗೂ ಒಂದು ಲೋಟ ಇಟ್ಟು ಬಂದೆ.

ಮಾರ್ಚ್ ೮, ಭಾನುವಾರ

ಲೆಕ್ಕ ಮತ್ತೆ ಮಾಡಿದೆ. ಈ ಸಲ ಅಡುಗೆ, ಹೂವು, ಸಭಾಂಗಣ, ವಾಲಗ ಇಷ್ಟನ್ನು ಹಿಗ್ಗದ ಕಸುಬುಗಳು ಅಂತ ಕಟ್ಟಿಹಾಕಿದೆ. ಅಂದರೆ ಮುಹೂರ್ತದ ದಿನ ಇವು ಇರುವಷ್ಟೇ ಇರುತ್ತವೆ, ಬೇಕು ಅಂದವರು ಹೆಚ್ಚಿದರೆ ಹೆಚ್ಚುವುದಿಲ್ಲ. ಆಗ ಏನಾಗುತ್ತದೆ? ಕಡಲ ಮಂಟಪಕ್ಕೆ ಒಂದು ತಂಡ ಹೋದರೆ ಇಲ್ಲಿ ಒಂದು ಮನೆಯ ಒಲೆ ಹೊತ್ತುವುದಿಲ್ಲ. ಅಲ್ಲಿ ಕೂಡಿಸಿದ್ದನ್ನು ಇಲ್ಲಿ ಕಳೆಯಬೇಕು. ನಾನು ಮೊದಲು ಬರೀ ಕೂಡಿಸಿದ್ದೆ. ಕೂಡಿಸುವುದು ಸುಖ.

ಹೊಸ ಉತ್ತರ ಒಂದು ಬಿಂದು ಒಂದು. ಅಕ್ಕಿ, ಬಸ್ಸು, ವಸತಿಯಂಥವು ಹಿಗ್ಗುತ್ತವೆ, ಅವುಗಳಿಂದ ಬಂದದ್ದು ಅಷ್ಟೇ. ನನ್ನ ಲಕ್ಷಣದ ಮಗು ಬಡಕಲಾಯಿತು.

ಮಧ್ಯಾಹ್ನ ರತ್ನಾಕರರೇ ಕಾರಿನಲ್ಲಿ ಬಂದರು, ಮಿಠಾಯಿ ಡಬ್ಬಿಯೊಂದಿಗೆ. ನನ್ನ ಮೊದಲ ವರದಿ ಆಗಲೇ ಅವರ ಕೈ ಸೇರಿತ್ತು. "ಸರ್, ಏಕ್ದಮ್ ಫಸ್ಟ್ ಕ್ಲಾಸ್ ನಿಮ್ ನಂಬರ್. ಗೇಟಿನ್ ಬೋರ್ಡಿಗೇ ಹಾಕ್ಸಿದೆ ಕಾಣಿ," ಅಂತ ಮೊಬೈಲು ತೋರಿಸಿದರು. ಹಸಿರು ಫಲಕ, ಮೇಲೆ 'ಒಂದು ರೂಪಾಯಿ ಕೊಟ್ಟರೆ ಊರಿಗೆ ೨.೬', ಕೆಳಗೆ ನನ್ನ ಹೆಸರು, ಡಾಕ್ಟರ್ ಸಮೇತ.

ಕೆಟ್ಟ ಮನುಷ್ಯರಲ್ಲ. ಭಾವನನ್ನು ಆ ಒಂದು ದಿನ ಬಿಡಬಹುದೇ ಅಂತ ಕೇಳಿಯೇಬಿಟ್ಟೆ. ಅವರ ಮುಖ ನಿಜವಾಗಿ ಸಣ್ಣದಾಯಿತು. "ಬಿಡ್ತಿದ್ದೆ ಸರ್. ಬೇರೆ ಯಾರನ್ನ ತರ್ಲಿ ಹೇಳಿ? ನಿಮ್ಮ ಪಟ್ಟಿ ನೋಡಿ ನಾನೂ ಎಲ್ರಿಗೂ ಫೋನ್ ಮಾಡಿದ್ದೆ."

ಒಂದು ಬಿಂದು ಒಂದರ ವಿಷಯ ಹೇಳಲು ಬಾಯಿ ಬರಲಿಲ್ಲ. ಮಿಠಾಯಿ ತಿಂದೆ, ಎರಡು.

ಮಾರ್ಚ್ ೨೦, ಶುಕ್ರವಾರ

ತನ್ವಿ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಸಭೆ ಕರೆದಳು. ನಾವಿಬ್ಬರು, ಬೇಲಿಯಾಚೆಯಿಂದ ಅವರಿಬ್ಬರು. ಪುರೋಹಿತರನ್ನು ಅವಳೇ ಹೋಗಿ ಕಂಡು ಬಂದಿದ್ದಾಳೆ. ಅದೇ ದಿನ ಬೆಳಿಗ್ಗೆ ಎಂಟರ ಹತ್ತಿರ ವೃಷಭ ಲಗ್ನ ಉಂಟು, ಅದೂ ಆಗುತ್ತದೆ. ಶ್ರೀಶನ ಮನೆಯವರೂ ಒಪ್ಪಿದ್ದಾರೆ.

"ಮಾವ, ಬೆಳ್ಗಾತ ಒಲಿ ಹೊತ್ಸಿ, ಹುಡುಗ್ರಿಗೆ ಹೇಳಿ, ಒಂದ್ ಗಳಿಗಿಗೆ ಬನ್ನಿ. ನನ್ ಕೈ ಹಿಡ್ದ್ ಮಂಟಪಕ್ಕೆ ಬಿಡಿ, ತಿರ್ಗಿ ಹೋಯ್ನಿ. ಅಲ್ಲಿ ಊಟು ಒಂದೂವರೆಗೆ ಅಲ್ದಾ?"

"ಹೋಯ್ ಬಪ್ಪುಕೆ ಎರಡೂವರಿ ಗಂಟಿ," ಅಂತ ಭಾವ ಲೆಕ್ಕ ಹಾಕಿದರು. "ಬತ್ತೆ. ಬಪ್ದೇ."

"ಮದಿ ಇಲ್ಲೇ ಅಂಗಳದಗೆ. ಮುನ್ನೂರ್ ಜನ ಸಾಕ್, ಏಳ್ನೂರ್ ಬೇಡ. ಅನ್ನ, ಸಾರು, ಹುಳಿ, ಒಂದ್ ಪಲ್ಯ, ಹಯಗ್ರೀವ, ಮಜ್ಜಿಗಿ."

"ಮಾಡುದ್ ಯಾರ್?" ಅಂದೆ.

ಎಲ್ಲರೂ ನನ್ನನ್ನು ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ.

"ಗೋದಾವರಿ ಅತ್ತೆ ಮತ್ತೆ ನೀವ್, ಅಪ್ಪಯ್ಯ," ಅಂದಳು ಮಗಳು. ಗೋದಾವರಿ ಅತ್ತಿಗೆ ಸೆರಗು ಬಾಯಿಗೊತ್ತಿ ನಗುತ್ತ, "ಡಾಕ್ಟ್ರೇ, ಉಪ್ಪು ಯಾವ್ದ್, ಸಕ್ರಿ ಯಾವ್ದ್ ಅಂತ ಗೊತ್ತಿತ್ತಾ?" ಅಂದರು. ಗೊತ್ತಿದೆ ಅಂದೆ. ಆಮೇಲೆ ಒಳಗೆ ಹೋಗಿ ಡಬ್ಬಿ ತೆರೆದು ನೋಡಿ ಬಂದೆ.

ಏಪ್ರಿಲ್ ೫, ಭಾನುವಾರ

ಅಭ್ಯಾಸದ ಹುಳಿ, ಐದನೆಯದು. ಮೊದಲಿನದು ಎಮ್ಮೆಗೆ ಹೋಯಿತು. ಎಮ್ಮೆ ಮೂಸಿ ನೋಡಿ ನನ್ನ ಮುಖ ನೋಡಿತು. ಎರಡನೆಯದರಲ್ಲಿ ತಪ್ಪು ಅತ್ತಿಗೆಯದು, ಮೆಣಸು ಎರಡು ಸಲ ಹಾಕಿ ನನ್ನ ತಲೆಗೆ ಕಟ್ಟಿದರು. ಇವತ್ತಿನದು ಉಣ್ಣುವ ಹಾಗಿತ್ತು.

ಭಾವ ಮಾತ್ರ ರುಚಿ ನೋಡುವುದಿಲ್ಲ. "ಕಾರ್ಯದ ಮನಿ ಅಡುಗಿ ಬೇರೆಯವ್ರ್ ಮಾಡಿದ್ ನಾನ್ ಉಂಬುದಿಲ್ಲೆ, ನಾನ್ ಮಾಡಿದ್ದೂ ಉಂಬುದಿಲ್ಲೆ," ಅನ್ನುತ್ತಾರೆ. ಮೊದಲ ಮಾತು ಜಂಬ ಅಂತ ಎಲ್ಲರಿಗೂ ಗೊತ್ತು. ಎರಡನೆಯದರ ಅರ್ಥ ಅತ್ತಿಗೆ ಬಿಡಿಸಿ ಹೇಳಿದರು. ಮದುವೆಯ ದಿನ ಅವರಿಗೆ ಉಣ್ಣಲು ಹೊತ್ತೇ ಸಿಗುವುದಿಲ್ಲ. ಕೊನೆಯ ಪಂಕ್ತಿ ಏಳುವಷ್ಟರಲ್ಲಿ ಸಂಜೆಯ ತಿಂಡಿಯ ಬಾಣಲೆ ಏರಿರುತ್ತದೆ. ಮನೆಗೆ ಬಂದು ಗಂಜಿ ಕುಡಿದು ಮಲಗುತ್ತಾರಂತೆ. ಅವರ ಮೂವತ್ತು ವರ್ಷದ ಊಟಗಳಲ್ಲಿ ನಾನು ಎಷ್ಟು ಸಲ ಪಾಯಸ ಎರಡನೆಯ ಸಲ ಹಾಕಿಸಿಕೊಂಡಿದ್ದೇನೋ. ಒಮ್ಮೆಯೂ ನಿಮ್ಮದು ಆಯಿತಾ ಅಂತ ಕೇಳಿದ ನೆನಪಿಲ್ಲ.

ಸೌತೆಕಾಯಿಯ ಸಿಪ್ಪೆ ತೆಗೆಯುವಾಗ ಬೆರಳು ಕೊಯ್ದುಕೊಂಡೆ. ಶ್ರೀವಿದ್ಯಾ ಪಟ್ಟಿ ಕಟ್ಟಿದಳು. ಪಾತ್ರೆ ತೊಳೆಯುವಾಗ ಅದು ಒದ್ದೆಯಾಯಿತು.

ಏಪ್ರಿಲ್ ೧೨, ಭಾನುವಾರ

ವರದಿ ತಿದ್ದಿ ಕಳಿಸಿದೆ. ಮುಹೂರ್ತದ ದಿನಗಳಲ್ಲಿ ಗುಣಕ ೧.೧, ಉಳಿದ ದಿನಗಳಲ್ಲಿ ೨.೬. ಆದ್ದರಿಂದ ಎರಡನೆಯ ಸಭಾಂಗಣ ಇನ್ನೊಂದು ಮದುವೆಗೆ ಬೇಡ, ಬೇರೆ ತಿಂಗಳುಗಳಲ್ಲಿ ಜನ ಬರುವಂಥ ಕೆಲಸಕ್ಕೆ ಆದರೆ ಊರಿಗೆ ಲಾಭ ಅಂತ ಬರೆದೆ.

ರತ್ನಾಕರರ ಫೋನು: "ಆಷಾಢಕ್ಕೆ ಯಾರ್ ಬತ್ರ್ ಸರ್, ಕಪ್ಪೆಗಳಾ?" ಆಮೇಲೆ ನಿಟ್ಟುಸಿರು. "ನೀವ್ ಬೇಜಾರ್ ಮಾಡ್ಕಣ್ಬೇಡಿ. ವರದಿ ಬರೆವವ್ರ್, ಹೊರಗಿನವ್ರ್ ಒಬ್ರ್ ಮೂರು ಬಿಂದು ಒಂದು ಕೊಡ್ತೆ ಅಂದಿದ್ರ್."

ಕೊಡಲಿ. ಬೋರ್ಡಿನಿಂದ ನನ್ನ ಹೆಸರು ಅಳಿಸಿ ಅಂದೆ. ಡಾಕ್ಟರ್ ಅನ್ನುವುದನ್ನು ಮೊದಲು ಅಳಿಸಿ ಅಂತಲೂ ಸೇರಿಸಿದೆ.

ಏಪ್ರಿಲ್ ೨೫, ಶನಿವಾರ

ತೆಂಗಿನಕಾಯಿ ತುರಿದು ತುರಿದು ಬರೆಯುವ ಕೈ ನೋಯುತ್ತಿದೆ. ಚಪ್ಪರ ನಿಂತಿದೆ. ಅಕ್ಕಪಕ್ಕದವರು ಮಧ್ಯಾಹ್ನವೇ ಈಳಿಗೆಮಣೆ ಹಿಡಿದು ಬಂದರು, ತರಕಾರಿ ಹೆಚ್ಚಿ ಮುಗಿಸಿ ನನ್ನನ್ನು ಆಡಿಕೊಂಡು ಹೋದರು. ನಾಳೆ ಭಾವ ಬರುತ್ತಾರೋ, ಹೆದ್ದಾರಿ ಬಿಡುತ್ತದೋ, ಅದೊಂದೇ ಯೋಚನೆ.

ಏಪ್ರಿಲ್ ೨೭, ಸೋಮವಾರ

ನಿನ್ನೆಯದನ್ನು ಬರೆಯಬೇಕು, ಆರುವ ಮುಂಚೆ.

ಭಾವ ಕಿರಿಮಂಜೇಶ್ವರದಿಂದ ಆರೂವರೆಗೆ ಹೊರಟ ಸುದ್ದಿ ಬಂತು. ಏಳೂವರೆಗೆ ಇಲ್ಲಿರಬೇಕಿತ್ತು. ಇರಲಿಲ್ಲ. ಫೋನು ಎತ್ತಲಿಲ್ಲ. ಊರಿನ ಮದುವೆಗಳೆಲ್ಲ ಒಂದೇ ದಿನ ಅಂದ ಮೇಲೆ ದಿಬ್ಬಣಗಳೆಲ್ಲ ಒಂದೇ ಹೆದ್ದಾರಿಯಲ್ಲಿ ತಾನೇ? ರಸ್ತೆಯನ್ನೂ ಹಿಗ್ಗದ ಬಾಬ್ತಿಗೆ ಹಾಕಬೇಕಿತ್ತು ಅಂತ ಆ ಹೊತ್ತಿನಲ್ಲೂ ಹೊಳೆಯಿತು, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಶ್ರೀಶ ಅಂತರಪಟದ ಆಚೆ ನಿಂತಿದ್ದ. ಪುರೋಹಿತರು ಗಡಿಯಾರ ನೋಡಿದರು. "ಸೋದರಮಾವ ಕನ್ಯೆಯನ್ನ ಕರ್ಕಂಡ್ ಬರ್ಕ್."

ಎಲ್ಲರೂ ಗೇಟಿನ ಕಡೆ ನೋಡಿದರು.

"ಲಗ್ನ ಮೀರತ್ತ್. ಮಾವನ ಸ್ಥಾನದಗೆ ಬೇರೆ ಯಾರಾರೂ ಆತ್ತ್," ಅಂದರು. ಶ್ರೀವಿದ್ಯಾಳ ದೊಡ್ಡಪ್ಪನ ಮಗ ಶಲ್ಯ ಸರಿಮಾಡಿಕೊಂಡು ಎದ್ದೂಬಿಟ್ಟರು. ಒಬ್ಬರ ಬದಲಿಗೆ ಇನ್ನೊಬ್ಬರು. ತರಗತಿಯಲ್ಲಿ ಎಷ್ಟು ವರ್ಷ ಕಲಿಸಿದ್ದೇನೆ ಇದನ್ನು!

ಒಳಗಿನ ಬಾಗಿಲಲ್ಲಿ ತನ್ವಿ. ತಲೆಯ ಮೇಲೆ ಎಲ್ಲಿಂದಲೋ ಶ್ರೀಶ ಹುಡುಕಿ ತಂದ ಒಂದೇ ಮೊಳ ಮಲ್ಲಿಗೆ. "ಇಲ್ಲೆ. ಮಾವ ಬತ್ರ್," ಅಂದಳು. ಗಟ್ಟಿಯಾಗಿಯೇ ಅಂದಳು, ಆದರೆ ಕೆಳತುಟಿ ಅದುರುತ್ತಿತ್ತು. ನನ್ನಿಂದಾಯಿತು ಇದು. ನನಗೆ ಅಲ್ಲೇ ಅಳು ಬಂತು, ಹೊಗೆ ಅಂತ ಕಣ್ಣೊರೆಸಿಕೊಂಡೆ.

ಆಗ ಗೇಟಿನಾಚೆ ಬೈಕು ನಿಂತಿತು. ಕೋಟದ ಹತ್ತಿರ ಕಾರು ಸಿಕ್ಕಿಬಿದ್ದಾಗ ಯಾರದೋ ಬೈಕಿನ ಹಿಂದೆ ಏರಿ ಬಂದಿದ್ದರು ಭಾವ. ಮೈಮೇಲೆ ರೆಸಾರ್ಟಿನ ಬಿಳಿ ಕೋಟು, ತಲೆಯ ಮೇಲೆ ಆ ಟೋಪಿ. ಗೋದಾವರಿ ಅತ್ತಿಗೆ ಓಡಿ ಹೋಗಿ ಟೋಪಿಯನ್ನು ಹಾರಿಸಿದರು, ಕೋಟು ಬಿಚ್ಚಿಸಿ ಶಲ್ಯ ಹೊದೆಸಿದರು. ಕಾಲು ತೊಳೆದುಕೊಂಡು ಇಂಗಿನ ವಾಸನೆಯ ಮನುಷ್ಯ ಒಳಗೆ ಹೋಗಿ ಸೊಸೆಯ ಕೈ ಹಿಡಿದರು.

"ತಡ ಆಯ್ತಾ ಮಗಾ?"

"ಇಲ್ಲೆ ಮಾವ."

ಅಂಗಳ ದಾಟಿ ಮಂಟಪಕ್ಕೆ ಕರೆತಂದರು. ಸೌಟು ಹಿಡಿದು ಓಡಾಡುವ ಮನುಷ್ಯ, ಇಷ್ಟು ನಿಧಾನ ನಡೆದದ್ದು ನಾನು ನೋಡಿಲ್ಲ. ಅಂತರಪಟ ಸರಿಯಿತು, ಅಕ್ಷತೆ ಬಿತ್ತು, ವಾಲಗದವರು ಸಿಗದೆ ಶ್ರೀಶನ ಗೆಳೆಯರು ಮೊಬೈಲಿನಲ್ಲಿ ಹಚ್ಚಿದ ವಾಲಗ ನಡುವೆ ಒಂದು ಜಾಹೀರಾತನ್ನೂ ಊದಿತು. ಎಲ್ಲರೂ ನಕ್ಕರು. ಭಾವ ಮಾತ್ರ ಮೂಲೆಯಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಕಾಫಿ ತರುವಷ್ಟರಲ್ಲಿ ಕೋಟು, ಟೋಪಿ ಏರಿಸಿದ್ದರು.

"ಅನ್ನ ಮುದ್ದೆ ಆದ್ರೆ ನನ್ನ್ ಹೆಸ್ರ್ ಹೇಳ್ಬೇಡಿ ಭಾವಯ್ಯ," ಅಂದು ಅದೇ ಬೈಕಿನಲ್ಲಿ ಹೋದರು. ಕಾಫಿ ಲೋಟ ನನ್ನ ಕೈಯಲ್ಲೇ ಉಳಿಯಿತು.

ಅನ್ನ ಮುದ್ದೆಯಾಗಲಿಲ್ಲ. ಹಯಗ್ರೀವ ಸ್ವಲ್ಪ ತಳ ಹಿಡಿಯಿತು, ಅತ್ತಿಗೆ ಅದನ್ನು ಹೊಸ ರುಚಿ ಅಂತ ಬಡಿಸಿದರು. ಮೊದಲ ಪಂಕ್ತಿ ಎದ್ದ ಮೇಲೆ ಶ್ರೀವಿದ್ಯಾಳನ್ನು ಎಳೆದು ಕೂರಿಸಿ ಎಲೆ ಹಾಕಿದೆ. "ಎಂತದ್ ಇದ್ ಹೊಸತ್?" ಅಂದಳು. ಹೊಸತೇನಿದೆ ಇದರಲ್ಲಿ? ಅವಳು ನಿಂತೇ ಇದ್ದಳು, ಕೂರಿಸಿದೆ.

ಎರಡನೆಯ ಪಂಕ್ತಿಗೆ ಬಡಿಸುವಾಗ ಆ ಕಾಫಿ ಲೋಟ ಕಿಟಕಿಯಲ್ಲಿ ಕಾಣಿಸಿತು. ಸೌಟು ಪಕ್ಕದ ಮನೆಯವರ ಕೈಗೆ ಕೊಟ್ಟೆ. ಬುತ್ತಿ ಕ್ಯಾರಿಯರಿಗೆ ಅನ್ನ, ಸಾರು, ಹುಳಿ, ಪಲ್ಯ, ಹಯಗ್ರೀವ ತುಂಬಿ, ಎರಡು ಬಾಳೆಲೆ ಸುರುಳಿ ಸುತ್ತಿ ಶ್ರೀಶನ ಗೆಳೆಯನೊಬ್ಬನ ಕಾರು ಹತ್ತಿದೆ. ಮಗಳ ಮದುವೆಯ ಊಟದ ನಡುವೆ ವಧುವಿನ ತಂದೆ ಪರಾರಿ. ಬೀಗರು ಏನೆಂದುಕೊಂಡರೋ, ಶ್ರೀವಿದ್ಯಾ ಸಂಭಾಳಿಸಿದಳಂತೆ.

ಕಡಲ ಮಂಟಪ ತಲುಪಿದಾಗ ಅಲ್ಲಿಯ ದೊಡ್ಡ ಊಟ ಮುಗಿಯುತ್ತ ಬಂದಿತ್ತು. ಕಂಬಗಳ ಮಲ್ಲಿಗೆ ಬಿಸಿಲಿಗೆ ಬಾಡಿತ್ತು. ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ಭಾವ ಕವುಚಿ ಹಾಕಿದ ಕೊಪ್ಪರಿಗೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಟೋಪಿ ಮಡಿಲಲ್ಲಿ.

"ಎಂತ ಭಾವಯ್ಯ? ಮನಿಯಗೆ ಎಂತ ಆಯ್ತ್?" ಅಂತ ಗಾಬರಿಯಿಂದ ಎದ್ದರು.

"ಎಂತ ಆಯ್ಲಿಲ್ಲೆ. ಕೂಕಣಿ. ಊಟು ಆಯ್ತಾ ನಿಮ್ದ್?"

ಅವರು ಕೊಪ್ಪರಿಗೆ ಬಿಟ್ಟು ನೆಲದ ಮೇಲೆ ಕೂತರು. ನಾನು ಎಲೆ ಹಾಸಿ, ನೀರು ಚಿಮುಕಿಸಿ, ಬಡಿಸಿದೆ. ಸಾರು ಹೆಚ್ಚಾಗಿ ಎಲೆಯಿಂದ ಹರಿಯಿತು, ಅವರು ಅನ್ನದ ಕಟ್ಟೆ ಕಟ್ಟಿ ನಿಲ್ಲಿಸಿದರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಜಗಿದರು. ನಾನು ಪರೀಕ್ಷೆ ಬರೆದ ಹುಡುಗನಂತೆ ನಿಂತಿದ್ದೆ.

"ಇಂಗ್ ಜಾಸ್ತಿ ಆಯ್ತ್," ಅಂದರು. ಮತ್ತೆ ಉಂಡರು. ಹುಳಿಗೆ ಬಂದರು. ಕಣ್ಣು ತುಂಬಿತ್ತೋ, ಅತ್ತಿಗೆಯ ಮೆಣಸಿನ ಖಾರವೋ, ನಾನು ಕೇಳಲಿಲ್ಲ.

ಅಷ್ಟರಲ್ಲಿ ರೆಸಾರ್ಟಿನ ಮ್ಯಾನೇಜರು ಅಕ್ಷಯ್ ಫೋನು ಕಿವಿಗಿಟ್ಟುಕೊಂಡೇ ಬಾಗಿಲಿಗೆ ಬಂದ. "ದಾಮೋದರ ಭಟ್ರ್ ಇದ್ರಾ? ಸಂಜಿ ತಿಂಡಿಗೆ ಇನ್ನೂ ಇನ್ನೂರ್ ಜನ ಜಾಸ್ತಿ ಅಂಬ್ರ್, ಈಗ್ಲೇ ಬರ್ಕಂಬ್ರ್."

ನಾನು ಬಾಗಿಲಿಗೆ ಅಡ್ಡ ನಿಂತೆ. ಬಡಿಸಲು ಎತ್ತಿಕೊಂಡ ಅಲ್ಲಿಯದೇ ಸೌಟು ಕೈಯಲ್ಲಿತ್ತು.

"ಅವ್ರ್ ಈಗ ಲಭ್ಯ ಇಲ್ಲೆ."

ಅಕ್ಷಯ್ ನನ್ನ ಭುಜದ ಮೇಲಿಂದ ಇಣುಕಿದ. "ಅಲ್ಲೇ ಕೂಕಂಡಿದ್ರಲೆ ಸರ್!"

"ಹೌದ್. ಉಂಬುಕೆ ಕೂಕಂಡಿದ್ರ್. ಲಭ್ಯ ಇಲ್ಲೆ."

ತಿರುಗಿ ನೋಡಿದೆ. ಭಾವ ತಲೆಯೆತ್ತಲಿಲ್ಲ. ಎಲೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು. ನಾನು ಅನ್ನ ಹಾಕಿದೆ.